ಒಂದು ಉಸಿರಿನ ಮೌನ

ಡಂಗುರದವನು ಬಂದರಿನಲ್ಲಿ ಸಾರಿದ, ಮೀನುಪೇಟೆಯಲ್ಲಿ ಸಾರಿದ, ಕೊನೆಗೆ ಬಯಲು ರಂಗಮಂದಿರದ ಕಲ್ಲುಮೆಟ್ಟಿಲೇರಿ ಸಾರಿದ: "ಕೇಳಿರಿ. ಈ ಗ್ರೀಕ್ ಪಟ್ಟಣದ ಒಡೆಯ, ಗಾಯಕರಲ್ಲಿ ಗಾಯಕ ಫಿಲಾಂಡ್ರಸ್ ದೊರೆ ಮೂರು ಒಗಟು ಹಾಕುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಕೇಳಿದ್ದು ಸಿಗುತ್ತದೆ. ಒಂದು ತಪ್ಪಿದರೂ ತಲೆ ಹೋಗುತ್ತದೆ."

ರಂಗದ ಹಿಂದೆ ದುಡಿಯುವ ಆಳು ನಿಕೋನ್ ಇದನ್ನು ಕೇಳಿದ. ಅವನಪ್ಪ ಡೋರಿಯಾಸ್ ಮೇಳಕ್ಕೆ ಹಾಡು ಕಲಿಸುತ್ತಿದ್ದ ಮುದುಕ. ದೊರೆ ಹಾಡಿದಾಗ ಎಲ್ಲರಂತೆ ಮೆಚ್ಚುಗೆ ತೋರದೆ ಕೈಕಟ್ಟಿ ಕೂತಿದ್ದೇ ಅವನ ಅಪರಾಧ, ನಾಡಿದ್ದು ಮರಣದಂಡನೆ.

ದೊರೆಯ ಸಭೆಗೆ ಮೊದಲು ಬಂದವನು ಒಬ್ಬ ವಾಗ್ಮಿ. ದೊರೆ ಕೇಳಿದ: "ಅದರ ಬಾಯಿ ಎಂದೂ ಮುಚ್ಚುವುದಿಲ್ಲ, ಆದರೆ ಒಂದು ಮಾತೂ ಅದರದಲ್ಲ. ಏನದು?"

"ಗುಹೆ," ಎಂದ ವಾಗ್ಮಿ. ಅವನನ್ನು ಎಳೆದೊಯ್ದರು.

ಆಮೇಲೆ ಬಂದ ಕವಿ ಮುಖವಾಡವೆಂದು ಹೇಳಿ ಗೆದ್ದ, ಎರಡನೆಯದರಲ್ಲಿ ಸಿಕ್ಕಿಬಿದ್ದ. "ಕೊಲೆಯನ್ನು ಯಾರೂ ನೋಡಿಲ್ಲ. ಆದರೂ ಹೆಣ ನಡೆಯದೆ ಸಭೆಗೆ ಬರುತ್ತದೆ. ತರುವುದು ಯಾವುದು?"

"ಸತ್ತವರನ್ನು ಸಾಗಿಸುವ ಪಾತಾಳದ ದೋಣಿ, ಪ್ರಭು."

"ದೋಣಿ ಒಯ್ಯುತ್ತದೆ ಕವಿಗಳೇ, ತರುವುದಿಲ್ಲ," ಎಂದು ದೊರೆ ನಕ್ಕ. ಕವಿಯ ತಲೆಯೂ ಹೋಯಿತು.

ನಿಕೋನ್ ಮುಂದೆ ಬಂದ. "ಮೊದಲನೆಯದು ಮುಖವಾಡವೇ, ದೊರೆ. ಮಾತು ತೊಟ್ಟವನದು. ಎರಡನೆಯದು ಚಕ್ರದ ಹಲಗೆ. ನಾಟಕದ ಕೊಲೆಯೆಲ್ಲ ಬಾಗಿಲ ಹಿಂದೆ. ಹೆಣವನ್ನು ಹಲಗೆಯ ಮೇಲೆ ಹೊರಗೆ ತಳ್ಳುವವನು ನಾನೇ."

"ಭಲೆ, ಆಳುಮಗನೇ. ಮೂರನೆಯದು: ಬಡವನೂ ಕೊಡುತ್ತಾನೆ, ಕೊಟ್ಟಮೇಲೂ ಕೈ ಬರಿದಾಗದು. ಪಡೆದವನು ಮಾತ್ರ ಮನೆಗೆ ಒಯ್ಯಲಾರ."

"ಚಪ್ಪಾಳೆ."

"ಬಿಡಿಸಿ ಹೇಳು."

"ಮೆಚ್ಚಿ ಕೊಟ್ಟದ್ದು ತಡವಾಗಿ ಬರುತ್ತದೆ, ದೊರೆ. ಹಾಡು ಮುಗಿದ ಮೇಲೆ ಒಂದು ಉಸಿರಿನಷ್ಟು ಮೌನವಿರುತ್ತದೆ. ಹೆದರಿ ಕೊಟ್ಟದ್ದಕ್ಕೆ ಆ ತಾಳ್ಮೆ ಇಲ್ಲ. ತಮ್ಮ ಹಾಡು ಮುಗಿಯುವ ಮೊದಲೇ ಅದು ಬಂದುಬಿಡುತ್ತದೆ."

ದೊರೆ ಪೀಠದಿಂದ ಮುಂದಕ್ಕೆ ಬಾಗಿದ.

"ಸರಿಯಾದ ಉತ್ತರ. ಏನು ಬೇಕು?"

"ನನ್ನಪ್ಪ."

"ಕರೆದುಕೊಂಡು ಹೋಗು. ನಿನಗೂ ಒಂದು ಹುದ್ದೆ ಕೊಡುತ್ತೇನೆ. ಆ ಮೌನವನ್ನು ಈ ಜನಕ್ಕೆ ಕಲಿಸು. ಕಲಿಯದವರ ಹೆಸರು ನನಗೆ ಹೇಳು. ಒಲ್ಲೆ ಎಂದರೆ ಅಪ್ಪನೂ ಇಲ್ಲ, ನೀನೂ ಇಲ್ಲ."

ನಿಕೋನ್ ತಲೆಬಾಗಿದ.

ಒಂದು ವಾರ ಕಳೆದು ಹಬ್ಬದ ದಿನ ದೊರೆ ಹಾಡಿ ನಿಲ್ಲಿಸಿದ. ನಿಕೋನ್ ಕೈಯೆತ್ತಿ ಹಿಡಿದ. ಸಾವಿರಾರು ಜನ ಉಸಿರು ಕಟ್ಟಿ ಕೂತರು. ಕೈ ಇಳಿಸಿದ, ಬೆಟ್ಟವೇ ಉರುಳಿದಂತೆ ಚಪ್ಪಾಳೆ. ದೊರೆ ಕಣ್ಣೊರೆಸಿಕೊಂಡ. ಮುಂದಿನ ಸಾಲಿನಲ್ಲಿ ಡೋರಿಯಾಸನೂ ಮಗನ ಕೈಯನ್ನೇ ನೋಡುತ್ತ, ಸರಿಯಾದ ಹೊತ್ತಿಗೆ, ತಟ್ಟಿದ.

ಮನೆಯ ದಾರಿಯಲ್ಲಿ ಮುದುಕ ಒಂದೇ ಮಾತಾಡಿದ.

"ಚೆನ್ನಾಗಿ ಕಲಿಸಿದ್ದೀಯಪ್ಪ. ನನಗೆ ಎಪ್ಪತ್ತು ವರ್ಷಕ್ಕೆ ಬಾರದ್ದು, ನಿನ್ನಿಂದ ಒಂದು ವಾರಕ್ಕೆ ಬಂತು."