ಸ್ವರ ಅಡಗುವವರೆಗೆ

ಗಿರಣಿ ಕೇರಿಯ ಮೇಳದಲ್ಲಿ ಒಂದು ಕಾಲಕ್ಕೆ ಹದಿನೆಂಟು ಮ್ಯಾಂಡೊಲಿನ್‌ಗಳಿದ್ದವು. ಒಂದೊಂದಾಗಿ ಮನೆ ಸೇರಿ ಗೂಟಕ್ಕೆ ನೇತುಬಿದ್ದವು. ಕೊನೆಗೆ ಉಳಿದವಳು ಅವುಗಳಲ್ಲೆಲ್ಲ ಹಿರಿಯಳಾದ ಮ್ಯಾಂಡೊಲಿನ್ ಒಬ್ಬಳೇ. ಒಂದು ಬೆಳಿಗ್ಗೆ ಮೇಳದ ಕೋಣೆಯ ಬಾಗಿಲ ಬೀಗ ಕೇಳಿತು: "ಅಜ್ಜಿ, ಇನ್ನು ನಾನು ಬಾಯಿ ಮುಚ್ಚಲೇ?"

"ಒಂದೇ ಒಂದು ಸ್ವರ ನುಡಿಸುತ್ತೇನೆ. ಅದು ಅಡಗಿದ ಮೇಲೆ ಮುಚ್ಚಿಕೋ."

ಬೀಗ ನಕ್ಕಿತು. "ನಿನ್ನ ಸ್ವರದ ಆಯಸ್ಸು ನನಗೆ ಗೊತ್ತಿಲ್ಲವೇ? ಕಣ್ಣು ಮಿಟುಕಿಸುವಷ್ಟು. ಆಗಲಿ, ಮಾತು ಕೊಟ್ಟೆ."

ಹಿರಿಯಳು ತನ್ನ ತಂತಿ ಮೀಟಿದಳು. ನಾದ ಅಡಗುವ ಮುನ್ನ ಮತ್ತೆ ಮೀಟಿದಳು, ಮತ್ತೆ ಮೀಟಿದಳು.

"ಇದು ಮೋಸ!"

"ಉದ್ದ ಸ್ವರ ನಾವು ನುಡಿಸುವುದೇ ಹೀಗೆ, ಮಗಾ. ಕೊಳಲಿನ ಹಾಗೆ ನಮಗೆ ಯಾರೂ ಉಸಿರು ಕೊಟ್ಟಿಲ್ಲ."

ಮಧ್ಯಾಹ್ನಕ್ಕೆ ಒಂದು ತಂತಿ ಹರಿಯಿತು. ಬೀಗ ಬಾಯಿ ಮುಚ್ಚಲು ಹೊರಟಿತು. ಆದರೆ ಮ್ಯಾಂಡೊಲಿನ್ ತಂತಿಗಳು ಜೋಡಿ ಜೋಡಿ. ಪಕ್ಕದ ತಂತಿ ಅದೇ ಸ್ವರವನ್ನು ಹಿಡಿದುಕೊಂಡಿತು.

ಅಷ್ಟರಲ್ಲಿ ಗೂಟಕ್ಕೆ ನೇತುಬಿದ್ದವರಿಗೆ ನಾಚಿಕೆಯಾಗಿ, ಧೂಳು ಕೊಡವಿಕೊಂಡು ಒಬ್ಬೊಬ್ಬರೇ ಬಂದರು. "ಬೆಳಗಿನಿಂದ ಇದೊಂದೇ ಸ್ವರ ಕೇಳಿ ಕಿವಿ ತೂತಾಯಿತಕ್ಕಾ. ಇತ್ತ ಕೊಡು, ನೀನು ಸುಧಾರಿಸಿಕೋ."

ಮೇಳಕ್ಕೆ ಈಗ ಐವತ್ತು ವರ್ಷ. ಕೊಟ್ಟ ಮಾತಿಗೆ ಕಟ್ಟುಬಿದ್ದ ಬೀಗ ಇಂದಿಗೂ ಬಾಯಿ ತೆರೆದುಕೊಂಡೇ ಚಿಲಕಕ್ಕೆ ನೇತಾಡುತ್ತಿದೆ.