ಸಂಗಮಕ್ಕೆ ಹೊರಟ ಕೆಂಪು ಕಾರು

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಮೊದಲು ಹಸುಗಳಿದ್ದವು. ಈಗ ಹಸುಗಳಿಲ್ಲ, ಕೊಟ್ಟಿಗೆ ಮಾತ್ರ ಇದೆ.

ಕೊಟ್ಟಿಗೆ ಖಾಲಿ ಬಿದ್ದಿದೆ ಅನ್ನುವುದು ಕಣ್ಣಿಗೆ ಬಿದ್ದದ್ದು ಇಂದುಧರನಿಗೆ. ಅವನು ಪಟ್ಟಣದಲ್ಲಿ ಹಲ್ಲಿನ ಡಾಕ್ಟರು. ಹಿಂದೊಮ್ಮೆ ಆಶ್ರಮದ ಗುರುಗಳ ದವಡೆ ಹಲ್ಲು ಕೀಳಲು ಬಂದವನು ಶಿಷ್ಯನಾಗಿ ಉಳಿದುಬಿಟ್ಟಿದ್ದ. ಭಾನುವಾರ ತಪ್ಪದೆ ಬರುತ್ತಿದ್ದ.

"ಗುರುಗಳೇ, ಒಂದು ಆಸೆ ಇದೆ," ಅಂದ ಒಂದು ಭಾನುವಾರ.

"ಹೇಳು."

"ಒಂದು ಕಾರು."

"ಕಾರಲ್ಲೇ ಬಂದಿದ್ದೀಯಲ್ಲ."

"ಅದು ಓಡಾಡೋಕೆ. ಇದು ಬೇರೆ. ಇಟಲಿಯದು. ಎರಡೇ ಸೀಟು, ಎಂಜಿನ್ ಹಿಂದುಗಡೆ. ಚಿಕ್ಕವನಿದ್ದಾಗ ಅದರ ಚಿತ್ರಾನ ಹಾಸಿಗೆ ಪಕ್ಕದ ಗೋಡೆಗೆ ಅಂಟಿಸ್ಕೊಂಡಿದ್ದೆ. ಹೊಸದು ನನ್ನ ಕೈಗೆ ಎಟಕಲ್ಲ. ಹಳೇದೊಂದು ಸಿಕ್ಕಿದೆ."

"ನೋಡಿದೆಯಾ?"

"ನೋಡಿದೆ. ಮೈಮೇಲೆ ಒಂದು ಗೀರಿಲ್ಲ. ಒಳಗೆ ಹೊಸ ಚರ್ಮದ ವಾಸನೆ ಇನ್ನೂ ಹೋಗಿಲ್ಲ. ಇಷ್ಟು ವರ್ಷದಲ್ಲಿ ಅದು ಓಡೇ ಇಲ್ಲ ಅನ್ನಬಹುದು."

"ಪಾಪ," ಅಂದರು ಗುರುಗಳು.

"ಪಾಪ ಯಾಕೆ? ಕಡಿಮೆ ಓಡಿದ್ದರೆ ಒಳ್ಳೇದಲ್ವೇ?"

"ತೊಗೊಂಡು ಬಾ. ಕೊಟ್ಟಿಗೆ ಗುಡಿಸಿಡೋಕೆ ಹೇಳ್ತೀನಿ."

ಕಾರು ಲಾರಿಯ ಮೇಲೆ ಬಂತು.

ಆಶ್ರಮದಲ್ಲಿ ಅಡುಗೆ ಮಾಡುವ ಚೆನ್ನಾಜಮ್ಮ ಸೆರಗಿಗೆ ಕೈ ಒರೆಸುತ್ತಾ ಹೊರಗೆ ಬಂದಳು.

"ನಾವು ಕಾರು ಹತ್ತೋದು ಕಂಡಿದ್ದೆ ಡಾಕ್ಟ್ರೇ. ಕಾರೇ ಇನ್ನೊಂದನ್ನ ಹತ್ಕೊಂಡು ಬಂದಿದ್ದು ಇವತ್ತೇ ಕಂಡದ್ದು."

"ರೋಡು ಸರಿಯಿಲ್ಲ ಚೆನ್ನಾಜಮ್ಮ. ತಳ ತಗಲುತ್ತೆ."

"ಹಂಗಾದ್ರೆ ಒಂದು ಒಳ್ಳೆ ರೋಡನ್ನೂ ಲಾರಿಗೆ ಹೇರಿಸ್ಕೊಂಡು ಬರಬೇಕಿತ್ತು."

ಕಾರು ಕೆಂಪಗೆ, ನೆಲಕ್ಕೆ ಅಂಟಿದ ಹಾಗೆ ನಿಂತಿತ್ತು. ಗುರುಗಳು ಕೋಲೂರಿಕೊಂಡು ಅದರ ಸುತ್ತ ಬಂದರು.

"ಕೂರಬಹುದೇ?"

ಇಂದುಧರ ಬಾಗಿಲು ತೆಗೆದ. ಗುರುಗಳು ಮೆಲ್ಲಗೆ ಬಗ್ಗಿ, ಮಂಡಿ ಮಡಚಿ, ಒಳಗೆ ಇಳಿದು ಕೂತರು.

"ನೆಲದ ಮೇಲೆ ಕೂತ ಹಾಗಿದೆಯಲ್ಲೋ. ಇಷ್ಟೆಲ್ಲ ಸಂಪಾದನೆ ಮಾಡಿ ಕೊನೆಗೆ ನೆಲಕ್ಕೇ ಬಂದೆಯಾ?"

ಇಂದುಧರ ನಾಚಿಕೊಂಡು ನಕ್ಕ.

"ಸಂಗಮದವರೆಗೆ ಹೋಗಿಬರೋಣ್ವೇ?" ಅಂದರು ಗುರುಗಳು.

ಆಶ್ರಮದ ಮುಂದಿನ ಹೊಳೆ ಕೆಳಗೆ ಹೋಗಿ ಇನ್ನೊಂದು ಹೊಳೆಯನ್ನು ಸೇರುವ ಜಾಗ ಅದು. ಮೊದಲೆಲ್ಲ ಗುರುಗಳು ಅಲ್ಲಿಗೆ ನಡೆದೇ ಹೋಗಿ, ಮಿಂದು ಬರುತ್ತಿದ್ದರು.

"ಇವತ್ತು ಬೇಡ ಗುರುಗಳೇ. ಮೊದಲು ಎಲ್ಲ ಚೆಕ್ ಮಾಡಿಸಿಬಿಡ್ತೀನಿ. ಮುಂದಿನ ಭಾನುವಾರ."

ಮುಂದಿನ ಭಾನುವಾರ ಇಂದುಧರನ ಮುಖ ಬಾಡಿತ್ತು.

"ಮೆಕ್ಯಾನಿಕ್ ನೋಡಿದರು. ಒಳಗಿನ ರಬ್ಬರ್ ಎಲ್ಲ ಒಣಗಿ ಬಿರುಕು ಬಿಟ್ಟಿದೆಯಂತೆ. ಟೈರು ನಿಂತಲ್ಲೇ ನಿಂತು ಗಟ್ಟಿಯಾಗಿದೆಯಂತೆ. ಎಂಜಿನ್ ಒಳಗೆ ಒಂದು ಬೆಲ್ಟು ಇದೆ. ಓಡಿಸಿದರೂ ಓಡಿಸದಿದ್ದರೂ ವಯಸ್ಸಾದ ಮೇಲೆ ಅದನ್ನ ಬದಲಾಯಿಸಲೇಬೇಕಂತೆ. ಅದಕ್ಕೆ ಎಂಜಿನ್ನನ್ನೇ ಕೆಳಗಿಳಿಸಬೇಕಂತೆ."

"ಇದೆಲ್ಲ ಯಾಕಾಯ್ತಂತೆ?"

"ಓಡಿಸದೆ ಇಟ್ಟಿದ್ದಕ್ಕೆ ಅಂತಾರೆ. ಇಷ್ಟು ಜೋಪಾನ ಮಾಡಿದ್ದು ಹೇಗೆ ಹಾಳಾಗುತ್ತೆ? ನನಗಂತೂ ತಿಳೀತಾ ಇಲ್ಲ."

ಗುರುಗಳು ಬಾಯಿ ತೆರೆದು ಎಡ ದವಡೆ ತೋರಿಸಿದರು.

"ಈ ಕಡೆ ನೋವು ಅಂತ ನಾನು ಬರೀ ಬಲಗಡೆ ಅಗೀತಿದ್ದೆ. ನೀನೇನಂದೆ?"

"ಎರಡೂ ಕಡೆ ಅಗೀರಿ ಅಂದೆ. ಅಗಿಯದೆ ಇರೋ ಕಡೇನೇ ಪಾಚಿ ಕಟ್ಟೋದು ಅಂದೆ."

"ಒಳ್ಳೇ ಡಾಕ್ಟ್ರು ನೀನು," ಅಂದರು ಗುರುಗಳು.

ಸಾಮಾನುಗಳು ಹಡಗಿನಲ್ಲಿ ಬರಬೇಕಿತ್ತು. ಬರಲು ತಿಂಗಳುಗಳಾದವು.

ಪ್ರತಿ ಭಾನುವಾರ ಗುರುಗಳು ಕೊಟ್ಟಿಗೆಗೆ ಬರುತ್ತಿದ್ದರು. ಕಾರಿನಲ್ಲಿ ಒಂದು ಸಲ ಕೂರುತ್ತಿದ್ದರು, ಏಳುತ್ತಿದ್ದರು. ಇಂದುಧರ ಸೀಟಿನ ಮೇಲೆ ಮಡಿ ಬಟ್ಟೆ ಹಾಸಿಡುತ್ತಿದ್ದ. ಗುರುಗಳಿಗೂ ಕಾರಿನ ಮೇಲೆ ಮನಸ್ಸಾಗಿದೆ ಎಂದು ಅವನಿಗೆ ಒಳಗೊಳಗೇ ಖುಷಿ.

"ಇವತ್ತು ಹೋಗೋಣ್ವೇ?"

"ಬೆಲ್ಟು ಬರಲಿ ಗುರುಗಳೇ."

"ಇವತ್ತು?"

"ಟೈರೊಂದು ಬಂದುಬಿಡಲಿ."

ಟೈರೂ ಬಂತು. ಎಲ್ಲ ಹೊಸದಾಯಿತು. ಇಂದುಧರ ಕಾರನ್ನು ಅಂಗಳದಲ್ಲಿ ಒಂದು ಸುತ್ತು ಹಾಕಿಸಿ, ಹಿಂದಕ್ಕೆ ತಂದು ನಿಲ್ಲಿಸಿ, ಮೇಲೆ ಹೊದಿಕೆ ಹೊದಿಸಿದ.

"ಇವತ್ತು?" ಅಂದರು ಗುರುಗಳು.

"ಮಳೆ ಬಂದು ನಿಂತಿದೆ. ಕೆಸರು ಹಾರುತ್ತೆ."

ಮಳೆ ಮುಗಿಯಿತು. ಆಮೇಲೆ ಧೂಳು ಅಂದ.

ಒಂದು ದಿನ ಅವನೇ ಗುರುಗಳ ಪಕ್ಕ ಬಂದು ಕೂತ.

"ಇದನ್ನ ಮಾರಿಬಿಡಲಾ ಅನ್ನಿಸ್ತಿದೆ. ರೋಗಿಯ ಬಾಯಲ್ಲಿ ಕೈ ಇಟ್ಟಿದ್ದಾಗಲೂ ಇದರದ್ದೇ ಯೋಚನೆ. ಇಲಿ ವೈರು ಕಡೀತೇನೋ, ಯಾರಾದರೂ ಮುಟ್ಟಿದರೇನೋ. ಮಾರೋಕೆ ಹೋದರೆ ಹೊಟ್ಟೆ ಉರಿಯುತ್ತೆ. ನೀವೇ ಹೇಳಿ ಗುರುಗಳೇ, ಇಟ್ಕೊಳ್ಳಲಾ, ಮಾರಲಾ?"

"ಸಂಗಮದಲ್ಲಿ ಹೇಳ್ತೀನಿ," ಅಂದರು ಗುರುಗಳು.

ಅಡುಗೆಮನೆಯ ಬಾಗಿಲಲ್ಲಿ ಚೆನ್ನಾಜಮ್ಮ ಅವನ ಕೈಗೆ ಕಾಫಿ ಲೋಟ ಕೊಟ್ಟಳು. ಕೊಟ್ಟವಳು ಲೋಟ ಬಿಡಲಿಲ್ಲ.

"ಬುದ್ಧಿಯೋರು ವಾರವಾರ ಆ ಕಾರಲ್ಲಿ ಯಾಕೆ ಕೂತು ಏಳ್ತಾರೆ, ಗೊತ್ತಾ?"

"ಅವರಿಗೆ ಇಷ್ಟ."

"ಮಂಡಿ ಇನ್ನೂ ಮಡಚುತ್ತಾ ಅಂತ ನೋಡ್ಕೊಳ್ತಾವ್ರೆ. ಪೂಜೆಗೆ ಮಣೆ ಬಿಟ್ಟು ಕುರ್ಚಿ ಹಾಕಿಸ್ಕೊಂಡಿದಾರೆ, ನೀವು ನೋಡಿದ್ರಾ? ನಿಮ್ಮ ಕಾರು ಆ ಮಣೆಗಿಂತ ತಗ್ಗು. ಹೋದ ವಾರ ಏಳೋಕೆ ನನ್ನ ಹೆಗಲು ಹಿಡ್ಕೊಂಡ್ರು."

ಇಂದುಧರ ನೋಡಿರಲಿಲ್ಲ. ಆ ವಾರ ಅವನು ಕಾರಿನ ಗಾಜು ಒರೆಸುತ್ತಿದ್ದ.

"ಆಟೋ ಕರೆಸ್ತೀನಿ, ಸಂಗಮ ನೋಡ್ಕೊಂಡು ಬನ್ನಿ ಬುದ್ಧಿ ಅಂದೆ. ಬೇಡ ಅಂದ್ರು," ಅಂದು ಚೆನ್ನಾಜಮ್ಮ ಲೋಟ ಬಿಟ್ಟಳು.

ಇಂದುಧರ ಕಾಫಿ ಕುಡಿಯದೆ ಗುರುಗಳ ಹತ್ತಿರ ಹೋದ.

"ಆಟೋದಲ್ಲಿ ಯಾಕೆ ಹೋಗಲಿಲ್ಲ ಗುರುಗಳೇ?"

"ಆಟೋಗೆ ದಾರಿ ಗೊತ್ತು. ನಿನ್ನ ಕಾರಿಗೆ ಗೊತ್ತಿಲ್ಲ."

"ಆಯುಧಪೂಜೆ ದಿನ ಹೋಗೋಣ," ಅಂದ ಇಂದುಧರ. "ಖಂಡಿತ."

ಆಯುಧಪೂಜೆಯ ಬೆಳಿಗ್ಗೆ ಅವನು ಕಾರನ್ನು ಮಗುವಿನ ಮೈ ತೊಳೆದ ಹಾಗೆ ತೊಳೆದ. ಬಣ್ಣ ಕೆಡಬಾರದೆಂದು ಒಂದು ಕಾಗದ ಅಂಟಿಸಿ, ಅದರ ಮೇಲೆ ವಿಭೂತಿ ಕುಂಕುಮ ಹಚ್ಚಿದ. ಬೂದುಗುಂಬಳವನ್ನು ದೂರ ಹೋಗಿ ಒಡೆದ. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟ.

"ಆ ನಿಂಬೆಹಣ್ಣಿಗಿರೋ ಧೈರ್ಯ ನಿಮಗಿದ್ದಿದ್ರೆ ಯಾವತ್ತೋ ಹೋಗಿ ಬಂದಿರ್ತಿದ್ರಿ," ಅಂದಳು ಚೆನ್ನಾಜಮ್ಮ.

ಕೊನೆಗೆ ಹಾರ. ಹೆಬ್ಬಾವಿನಷ್ಟು ದಪ್ಪನೆಯ ಚೆಂಡುಹೂವಿನ ಹಾರ. ಗಾಳಿಗೆ ಅಲ್ಲಾಡಿದರೆ ದಾರ ಉಜ್ಜಿ ಗೀರಾಗುತ್ತದೆ ಎಂದು, ಇಂದುಧರ ಅದನ್ನು ಗಾಳಿ ಒಳಹೋಗುವ ಕಾರಿನ ಮುಂದಿನ ಬಾಯಿಯೊಳಗೆ ಒತ್ತೊತ್ತಾಗಿ ತುರುಕಿದ. ಒಂದು ಹೂವೂ ಅಲ್ಲಾಡದ ಹಾಗೆ.

ಗುರುಗಳು ಹತ್ತಿದರು. ಒಂದು ಕಾಲು ಒಳಗಿಟ್ಟರು. ಇನ್ನೊಂದನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಂಡರು. ಚೆನ್ನಾಜಮ್ಮ ಹೊಳೆಯ ಕಡೆ ನೋಡುತ್ತಾ ನಿಂತಳು.

ಕಾರು ಹೊರಟಿತು. ಆ ಸದ್ದಿಗೆ ಹುಣಸೆಮರದ ಕಾಗೆಗಳೆಲ್ಲ ಎದ್ದವು. ಗುರುಗಳು ಕಿತ್ತ ಹಲ್ಲಿನ ಜಾಗ ಕಾಣುವಷ್ಟು ಬಾಯಿ ತೆರೆದು ನಕ್ಕರು.

"ಬೆನ್ನಲ್ಲಿ ಯಾರೋ ಭಜನೆ ಮಾಡ್ತಿದಾರಲ್ಲೋ."

ಇಂದುಧರ ರಸ್ತೆಯ ಒಂದೊಂದು ಗುಂಡಿಯನ್ನೂ ನೋಡುತ್ತಿದ್ದ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಶಾಖದ ಮುಳ್ಳು ಏರತೊಡಗಿತು. ಆಮೇಲೆ ಮುಂದಿನಿಂದ ಆವಿ ಎದ್ದಿತು. ಇಂದುಧರ ಒಂದು ಹೊಂಗೆಮರದ ಕೆಳಗೆ ನಿಲ್ಲಿಸಿ ಎಂಜಿನ್ ಆರಿಸಿದ.

"ಇಳೀರಿ ಗುರುಗಳೇ, ನೆರಳಲ್ಲಿ ಕೂರಿ."

ಗುರುಗಳು ಬಾಗಿಲು ಹಿಡಿದು ಏಳಲು ನೋಡಿದರು. ಇನ್ನೊಮ್ಮೆ ನೋಡಿದರು.

"ಆಗ್ತಿಲ್ಲಪ್ಪ. ನೀನೇ ಇಳಿ."

ಇಂದುಧರ ಇಳಿದು ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ತಲೆ ಹಿಡಿದುಕೊಂಡ.

"ಎಲ್ಲ ಹೊಸದು ಹಾಕಿಸಿದ್ದೆ. ಒಂದೂ ಬಿಟ್ಟಿಲ್ಲ. ಇನ್ನೇನು ಬೇಕಂತೆ ಇದಕ್ಕೆ?"

"ಅದರ ಮೂಗಿಗೆ ಏನಿಟ್ಟಿದ್ದೀಯ?" ಗುರುಗಳು ಒಳಗಿಂದಲೇ ಕೇಳಿದರು.

"ಹೂವು."

"ಮೂಗಿಗೆ ಹತ್ತಿ ಇಡೋದು ಯಾರಿಗೆ?"

ಇಂದುಧರ ಕಾರಿನ ಬಾಯಿಗೆ ಬಗ್ಗಿ ನೋಡಿದ. ಆಮೇಲೆ ಎರಡೂ ಕೈಯಿಂದ ಹೂವನ್ನು ಕಿತ್ತು ಕಿತ್ತು ತೆಗೆದ. ಒಳಗಿನ ಹೂವು ಬೆಂದ ಸೊಪ್ಪಿನ ಹಾಗೆ ಆಗಿತ್ತು. ಈಗ ಗೀರು ಬಿದ್ದಿತೇನೋ, ಅವನು ನೋಡಲಿಲ್ಲ.

"ಬಿಸಾಡಬೇಡ, ಇಲ್ಲಿ ಕೊಡು," ಅಂದರು ಗುರುಗಳು. ಉಳಿದ ಹಾರವನ್ನು ತಮ್ಮ ಕೊರಳಿಗೆ ಹಾಕಿಕೊಂಡರು.

ಎಂಜಿನ್ ತಣ್ಣಗಾಗುವವರೆಗೆ ಕಾದರು. ಗುರುಗಳಿಗೆ ಕುಡಿಯಲೆಂದು ತಂದಿದ್ದ ನೀರನ್ನು ಇಂದುಧರ ಕಾರಿಗೆ ಕುಡಿಸಿದ. ಮುಳ್ಳು ಕೆಳಗಿಳಿಯಿತು. ಮತ್ತೆ ಹೊರಟರು.

ಮುಂದೆ ಒಂದು ಊರು. ಊರಿನ ಶಾಲೆಯ ಮುಂದೆ ರಸ್ತೆಗೆ ಅಡ್ಡಲಾಗಿ ಒಂದು ಹಂಪು. ಊರವರೇ ಮಣ್ಣು ಕಲ್ಲು ಹಾಕಿ ಎತ್ತರಿಸಿದ್ದು, ಎಮ್ಮೆ ಮಲಗಿದ ಹಾಗಿತ್ತು.

ಇಂದುಧರ ಬ್ರೇಕು ಹಾಕಿದ.

"ಗುರುಗಳೇ, ನೀವು ಒಂದು ನಿಮಿಷ ಇಳಿದರೆ ಕಾರು ಒಂದು ಬೆರಳು ಮೇಲೇಳುತ್ತೆ, ಆಗ..."

ಮಾತು ಅಲ್ಲೇ ನಿಲ್ಲಿಸಿದ.

ಹಿಂದಿನಿಂದ ಟೆಂಪೋ ಹಾರ್ನ್ ಹೊಡೆಯಿತು. ಕಟ್ಟೆಯ ಮೇಲೆ ಕೂತಿದ್ದ ಮುದುಕನೊಬ್ಬ ಕೂಗಿ ಕೇಳಿದ: "ಏನ್ ಸ್ವಾಮಿ, ಎತ್ತು ಕಟ್ಟಿ ಎಳಸಣ್ವಾ?"

"ವಾಪಸ್ ಹೋಗಿಬಿಡೋಣ್ವಾ ಗುರುಗಳೇ?"

ಗುರುಗಳು ಕೊರಳ ಹಾರದಿಂದ ಒಂದು ಬಾಡಿದ ಹೂವು ತೆಗೆದು ಎಸಳು ಬಿಡಿಸುತ್ತಾ ಕೂತರು. ಅವರ ಎರಡೂ ಮಂಡಿಗಳು ಮುಂದಕ್ಕೆ ಚಾಚಿಕೊಂಡಿದ್ದವು. ಊದಿಕೊಂಡಿದ್ದವು. ಇಂದುಧರ ಅವನ್ನು ನೋಡಿದ.

ಅವನು ಸ್ಟಿಯರಿಂಗ್ ತಿರುಗಿಸಿ, ಕಾರನ್ನು ಓರೆ ಮಾಡಿ, ಹಂಪು ಹತ್ತಿಸಿದ.

ಕರ್ರ್ ಎಂದು ಕೆಳಗಿನಿಂದ ಉದ್ದಕ್ಕೆ ಸದ್ದು ಬಂತು. ಮರಗಟ್ಟಿಸದೆ ಹಲ್ಲು ಕೀಳಿಸಿಕೊಂಡವನ ಹಾಗೆ ಇಂದುಧರನ ಮುಖ ಕಿವುಚಿಕೊಂಡಿತು.

"ಯಾರಿಗೆ ತಾಗಿತು?" ಅಂದರು ಗುರುಗಳು.

"ಕಾರಿಗೆ."

"ಹೇಗಿದೆ ಈಗ?"

ಇಂದುಧರ ಕಿವಿಗೊಟ್ಟು ಕೇಳಿದ.

"ಓಡ್ತಾ ಇದೆ."

"ನೀನು?"

ಅವನು ಗೇರ್ ಬದಲಾಯಿಸಿದ.

"ನಾನೂ ಓಡಿಸ್ತಾ ಇದೀನಿ."

ಅಲ್ಲಿಂದ ಮುಂದೆ ಅವನು ಗುಂಡಿಗಳ ಜೊತೆಗೆ ಗದ್ದೆಗಳನ್ನೂ ನೋಡಿದ.

ಸಂಗಮದಲ್ಲಿ ಒಂದು ಹೊಳೆ ಕೆಂಪಗಿತ್ತು, ಇನ್ನೊಂದು ತಿಳಿಯಾಗಿತ್ತು. ಎರಡೂ ಸ್ವಲ್ಪ ದೂರ ಪಕ್ಕಪಕ್ಕದಲ್ಲೇ ಹರಿದು, ಆಮೇಲೆ ಯಾವುದು ಯಾವುದೆಂದು ತಿಳಿಯದ ಹಾಗಾಗುತ್ತಿದ್ದವು. ಇಂದುಧರ ಕಾರನ್ನು ನೀರಿಗೆ ಆದಷ್ಟು ಹತ್ತಿರ, ಹುಲ್ಲಿನ ಮೇಲೆ ತಂದು ನಿಲ್ಲಿಸಿದ.

ಗುರುಗಳ ಕಂಕುಳಿಗೆ ಕೈ ಹಾಕಿ ಎಬ್ಬಿಸಲು ನೋಡಿದ. ಆಗಲಿಲ್ಲ. ಗುರುಗಳ ಹಣೆಯಲ್ಲಿ ಬೆವರು ಮೂಡಿತು.

"ಬಿಡು. ಇಲ್ಲಿಂದಲೂ ಕಾಣುತ್ತೆ."

ಇಂದುಧರ ನೀರಿನ ತನಕ ಓಡಿಹೋಗಿ ಬಾಟಲಿ ತುಂಬಿ ತಂದ. ಗುರುಗಳ ಬೊಗಸೆಗೆ ಹೊಯ್ದ. ಅವರು ಕಣ್ಣಿಗೆ ಒತ್ತಿಕೊಂಡರು, ತಲೆಗೆ ತಳಿದುಕೊಂಡರು. ಉಳಿದ ನೀರನ್ನು ಕಾರಿನೊಳಗಿನ ಚರ್ಮದ ಮೇಲೆಲ್ಲ ಚಿಮುಕಿಸಿದರು.

ಒರೆಸಲು ಇಂದುಧರನ ಕೈ ಮೇಲೆ ಹೋಯಿತು. ಹೋದ ಕೈ ಹಾಗೇ ಗುರುಗಳ ಮಂಡಿಯ ಮೇಲೆ ಇಳಿಯಿತು. ಅಲ್ಲೇ ನಿಂತಿತು.

"ಟೈರು ಬಂದ ಭಾನುವಾರವೇ ಕರ್ಕೊಂಡು ಬಂದಿದ್ದರೆ, ನೀವು ಇಳಿದು ನೀರಲ್ಲಿ ಕಾಲಿಡ್ತಿದ್ರಿ."

"ಇಡ್ತಿದ್ದೆ," ಅಂದರು ಗುರುಗಳು.

ಇಂದುಧರ ತಲೆ ತಗ್ಗಿಸಿದ. ಗುರುಗಳು ಕೊರಳ ಹಾರ ತೆಗೆದು ಅವನ ಕೊರಳಿಗೆ ಹಾಕಿದರು. ಅದರಲ್ಲಿ ಇನ್ನೂ ಎಂಜಿನ್ನಿನ ಬಿಸಿಯ ವಾಸನೆ ಇತ್ತು.

ತುಂಬ ಹೊತ್ತಾದ ಮೇಲೆ ಇಂದುಧರ ಬಂದು ಸ್ಟಿಯರಿಂಗ್ ಮುಂದೆ ಕೂತ.

"ಸಂಗಮದಲ್ಲಿ ಹೇಳ್ತೀನಿ ಅಂದಿದ್ರಿ. ಇಟ್ಕೊಳ್ಳಲಾ, ಮಾರಲಾ?"

ಗುರುಗಳು ಎರಡು ಹೊಳೆಗಳನ್ನೂ ಇನ್ನೊಮ್ಮೆ ನೋಡಿದರು. ಸೀಟ್ ಬೆಲ್ಟನ್ನು ಎಳೆದು ತಾವೇ ಹಾಕಿಕೊಂಡರು.

"ಇಳಿಯೋಕಂತೂ ಆಗಲ್ಲ," ಅಂದರು. "ಓಡಿಸು."