ಗಂಧದ ಬುಡದ ತೊಗರಿ

ಮಠಕ್ಕೆ ಬಂದ ದಿನವೇ ಬಾಳವ್ವ ಅಲ್ಲಿನ ಸ್ವಾಮಿ ನಿರ್ವಾಣಜ್ಜರಿಗೆ ಹೇಳಿಬಿಟ್ಟಳು.

"ಅಜ್ಜಾರ, ನನಗ ನಿಮ್ಮ ಉಪದೇಶ ಬೇಕು. ಪುಕ್ಕಟೆ ಅನ್ನ ಬ್ಯಾಡ್ರಿ."

ಗಂಡ ತೀರಿದ ಮೇಲೆ ಹತ್ತು ವರ್ಷ ಅಣ್ಣನ ಮನೆಯಲ್ಲಿದ್ದವಳು ಅವಳು. ಒಮ್ಮೆ ಅತ್ತಿಗೆ ಬಂದವರ ಮುಂದೆ ಅವಳನ್ನು ತೋರಿಸಿ, "ಇಕಿ ನಮ್ಮನಿ ಬದನಿಕಿ" ಎಂದಿದ್ದಳು. ಮಾವಿನ ಕೊಂಬೆಗೆ ಕಚ್ಚಿಕೊಂಡು, ಅದರ ರಸ ಹೀರಿ ಬದುಕುವ ಗಿಡ ಬದನಿಕೆ. ಆ ಮಾತು ಬಾಳವ್ವನ ಎದೆಯಲ್ಲಿ ಮುಳ್ಳಾಗಿ ಮುರಿದುಕೊಂಡಿತ್ತು.

ಮಠದಲ್ಲಿ ಅವಳು ಅಂಗಳ ಗುಡಿಸಿದಳು, ಹೊಳೆಯಿಂದ ನೀರು ಹೊತ್ತಳು. ಎಲ್ಲರ ಊಟ ಮುಗಿದ ಮೇಲೆ ಒಲೆಯ ಹತ್ತಿರ ನಿಂತೇ ಅರ್ಧ ರೊಟ್ಟಿ ತಿಂದಳು.

ಅಜ್ಜರು ನೋಡಿದರು.

ಹೊಳೆಯ ದಂಡೆಯಲ್ಲಿ ಮೊಣಕಾಲೆತ್ತರದ ಶ್ರೀಗಂಧದ ಸಸಿಯಿತ್ತು, ಅಜ್ಜರೇ ನೆಟ್ಟದ್ದು. ಅದನ್ನು ಬಾಳವ್ವನಿಗೆ ಒಪ್ಪಿಸಿದರು. ಅವಳು ಮೊದಲು ಮಾಡಿದ್ದೇ ಬುಡದಲ್ಲಿದ್ದ ತೊಗರಿ ಗಿಡಗಳನ್ನು ಕಿತ್ತೆಸೆದದ್ದು. ಗಂಧದ ಪಾಲಿನ ನೀರನ್ನು ಅವು ಯಾಕೆ ಕುಡಿಯಬೇಕು?

ವಾರದಲ್ಲಿ ಸಸಿಯ ಎಲೆ ಹಳದಿಗಟ್ಟಿತು. ಎರಡು ಕೊಡ ನೀರು ಹೆಚ್ಚಿಗೆ ಹಾಕಿದಳು. ಎಲೆ ಉದುರತೊಡಗಿತು.

ಅವಳು ಓಡಿ ಬಂದಳು.

"ಅಜ್ಜಾರ, ನಿಮ್ಮ ಗಂಧ ನನ್ನ ಕೈಯಾಗ ಸಾಯಾಕತ್ತೈತಿ!"

ಅಜ್ಜರು ದಂಡೆಗೆ ಬಂದು ಕುಕ್ಕರಗಾಲಲ್ಲಿ ಕೂತು ಬೆರಳಿನಿಂದ ಮಣ್ಣು ಕೆದರಿದರು. ಹರಿದು ಉಳಿದಿದ್ದ ತೊಗರಿಯ ಒಂದು ಬೇರು ಸಿಕ್ಕಿತು. ಅದಕ್ಕೆ ಗಂಧದ ಎಳೆಬೇರು ಜಿಗಣೆಯ ಹಾಗೆ ಕಚ್ಚಿಕೊಂಡಿತ್ತು.

"ಏನ್ರಿ ಇದು?"

"ಬಾಯಿ."

"ಯಾರದು?"

"ಗಂಧದ್ದು. ತೊಗರಿ ಬೇರಿನಾಗ ಉಣ್ಣತಿತ್ತು. ನೀ ಅದರ ಊಟದ ಗಂಗಾಳ ಕಸಗೊಂಡಿ."

ಬಾಳವ್ವ ಹಾಗೇ ನೆಲಕ್ಕೆ ಕೂತಳು. ದೇವರ ಹಣೆಗೆ ಹಚ್ಚುವ ಗಂಧ!

"ಹಂಗಾದ್ರ ಇದೂ ಬದನಿಕೀನ ಏನ್ರಿ?"

ಅಜ್ಜರು ಅಡುಗೆಮನೆಯಿಂದ ಒಂದು ಹಿಡಿ ತೊಗರಿ ತರಿಸಿ ಅವಳ ಉಡಿಗೆ ಹಾಕಿದರು.

"ಬಿತ್ತು."

ಬಿತ್ತಿದಳು. ದಿನಾ ಎದ್ದ ಕೂಡಲೇ ದಂಡೆಗೆ ಹೋಗಿ ನೋಡಿದಳು. ತೊಗರಿ ಮೊಳೆಯಿತು, ಗೇಣುದ್ದ ಆಯಿತು. ಗಂಧದಲ್ಲಿ ಉಳಿದಿದ್ದು ನಾಲ್ಕೇ ಎಲೆ. ಪಂಚಮಿ ಹಬ್ಬ ಕಳೆದು ಎಷ್ಟೋ ದಿನಕ್ಕೆ ಐದನೆಯದು ಚಿಗುರಿತು. ಆ ಸಂತೋಷದಲ್ಲಿ ಬಾಳವ್ವ ಅವತ್ತು ಪಂಕ್ತಿಯಲ್ಲಿ ಕೂತು ಎರಡು ರೊಟ್ಟಿ ಉಂಡಳು. ಕೈ ತೊಳೆಯುವಾಗ, ಪುಕ್ಕಟೆ ಅನ್ನ ಬೇಡವೆಂದದ್ದು ನೆನಪಾಗಿ ನಾಚಿದಳು. ಆದರೂ ಮರುದಿನ ಮತ್ತೆ ಅಲ್ಲೇ ಕೂತಳು.

ಚಳಿಗಾಲಕ್ಕೆ ತೊಗರಿ ಕಾಯಿ ಕಟ್ಟಿತು. ಗಂಧದ ಸಸಿ ಅದರ ನೆರಳಲ್ಲಿ ಹಸಿರಾಗಿ ನಿಂತಿತ್ತು. ಅಜ್ಜರು ಬಿಸಿಲು ಕಾಯಿಸುತ್ತ ದಂಡೆಯಲ್ಲಿ ಕೂತಿದ್ದರು. ಬಾಳವ್ವ ಪಕ್ಕದಲ್ಲಿ ಬಂದು ಕೂತಳು.

"ಅಜ್ಜಾರ, ಇಷ್ಟೆಲ್ಲಾ ಉಂಡು ಗಂಧ ತಿರುಗಿ ತೊಗರಿಗೆ ಏನು ಕೊಡತೈತ್ರಿ?"

"ಏನೂ ಇಲ್ಲ."

"ಏನೂ ಇಲ್ಲಂದ್ರ, ತೊಗರಿ ಯಾಕ ಕೊಡಬೇಕ್ರಿ?"

ಅಜ್ಜರು ಒಂದು ಕಾಯಿ ಹರಿದು, ಸುಲಿದು, ಹಸಿ ಕಾಳುಗಳನ್ನು ಅವಳ ಅಂಗೈಗೆ ಸುರಿದರು.

"ತೊಗರೀನ್ನ ಕೇಳೂಣಂತ. ಮೊದಲ ತಿನ್ನು ತಂಗಿ, ಎಳೇದಿದ್ದಾಗ ಸಿಹಿ ಇರತಾವು."